ಕಡ್ಡಾಯ ಮತದಾನವೂ ನೀಲವ್ವತ್ತೆಯ ಎಡಗೈಯೂ

ಮತದಾನವನ್ನು ಕಡ್ಡಾಯ ಮಾಡಬೇಕು ಎಂದು ನಾನು ಬರೆದದ್ದು ಚುನಾವಣೆಗೆ ಸ್ವಲ್ಪ ದಿನ ಮೊದಲು. ಗಡಿಯ ಮರಾಠಿ ಬದಿಗಿರುವ ಉಮರ್ಗಾ ತಾಲ್ಲೂಕಿನ ಸುದ್ದಿಯನ್ನು ಕನ್ನಡ ಪತ್ರಿಕೆಗೆ ಕಳಿಸುವುದು ನನ್ನ ಕೆಲಸ. ಅಪಘಾತ, ಸೋಯಾಬೀನ್ ದರ, ಕುಸಿದ ಸೇತುವೆ, ಎಲ್ಲದರ ಬಗ್ಗೆ ಬರೆದರೂ ಸ್ವಂತ ಅಭಿಪ್ರಾಯದ ಒಂದು ಸಾಲನ್ನೂ ಸೇರಿಸದ ಶಿಸ್ತಿನ ಮನುಷ್ಯ ನಾನು. ಸಂಪಾದಕರು ಮೊದಲ ಸಲ “ನಿಮ್ಮ ಅಭಿಪ್ರಾಯ ಬರೆಯಿರಿ” ಅಂದಾಗ, ಇಷ್ಟು ವರ್ಷ ಅದುಮಿಟ್ಟದ್ದೆಲ್ಲ ಒಮ್ಮೆಲೇ ಹೊರಗೆ ಬಂತು. ಮತ ಹಾಕದವರಿಗೆ ರೇಷನ್ ಕೊಡಬಾರದು. ಬೆರಳಿಗೆ ಶಾಯಿಯ ಗುರುತಿಲ್ಲದವನಿಗೆ ಒಂದು ಕಪ್ ಚಹಾ ಕೂಡ ಸಿಗಬಾರದು. ಇನ್ನು ಗಡಿಯ ಆಚೆ ಈಚೆ ಎರಡೂ ರಾಜ್ಯಗಳ ಪಟ್ಟಿಯಲ್ಲಿ ಹೆಸರಿಟ್ಟುಕೊಂಡು, ಶಾಯಿ ಅಳಿಸಿ ಎರಡೆರಡು ಸಲ ಮತ ಹಾಕುವವರನ್ನಂತೂ ನೇರವಾಗಿ ಜೈಲಿಗೆ ಕಳಿಸಬೇಕು.

ನಮ್ಮೂರು ತುರೋರಿ. ಹೆದ್ದಾರಿ ಬದಿಯ ಚಹಾದಂಗಡಿಯ ಬಾಬು ಆ ಲೇಖನವನ್ನು ಕತ್ತರಿಸಿ ಸಕ್ಕರೆ ಡಬ್ಬಿಗೆ ಅಂಟಿಸಿದ. ನಾನು ಬೇಡ ಎನ್ನಲಿಲ್ಲ.

ಹೆಂಡತಿ ಮಹಾದೇವಿ ಮಾತ್ರ ಓದಿ ಪೇಪರ್ ಮಡಚಿಟ್ಟಳು. ಕಡ್ಡಾಯಕ್ಕೆ ನಮ್ಮ ಕಡೆಯ ಮಾತು ಸಕ್ತಿ.

“ಊರಿಗೆಲ್ಲ ಸಕ್ತಿ ಮಾಡಾಕ ಹೊಂಟೀರಿ. ನೀಲವ್ವತ್ತಿ ರೇಷನ್ ಯಾವಾಗ ಬಂದ್ ಮಾಡ್ತೀರಿ?”

ನೀಲವ್ವತ್ತೆ ನನ್ನ ತಂದೆಯ ಅಕ್ಕ. ಎಂಬತ್ತರ ಹತ್ತಿರದ ವಯಸ್ಸು, ನಮ್ಮ ಜೊತೆಗೇ ಇರುತ್ತಾಳೆ. ಬೆಳಿಗ್ಗೆ ಸ್ನಾನ ಮಾಡಿ, ಕೊರಳಿನ ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು ಪೂಜೆ ಮಾಡುವವರೆಗೆ ಅವಳ ಬಾಯಿಗೆ ಒಂದು ಹನಿ ನೀರೂ ಹೋಗುವುದಿಲ್ಲ. ಅವಳು ಮತ ಹಾಕಿದ್ದನ್ನು ನಾನು ಕಂಡಿಲ್ಲ. ತಾಲ್ಲೂಕಿನವರನ್ನೆಲ್ಲ ಪ್ರಶ್ನೆ ಕೇಳುವ ನಾನು, ಮನೆಯಲ್ಲಿದ್ದವಳನ್ನು ಯಾಕೆ ಎಂದು ಕೇಳಿರಲಿಲ್ಲ.

ಈಗಲೂ ಕೇಳಲಿಲ್ಲ. ಮತದಾನದ ದಿನ ಬೆಳಕು ಹರಿಯುವಾಗಲೇ ಎಬ್ಬಿಸಿದೆ.

“ನಡಿ ಅತ್ತಿ, ಮೊದಲನೇ ವೋಟ್ ನಮ್ಮದೇ ಆಗಬೇಕು.”

“ಜಳಕಿಲ್ಲ, ಪೂಜಾ ಇಲ್ಲ. ಯಾರಿಗೆ ಗಡಿಬಿಡಿ ಆಗ್ಯಾದೋ ರಾಚಾ?”

“ಬಂದು ಮಾಡೀಯಂತ. ಈಗ ಹೋಗೋದು, ಈಗ ಬರೋದು.”

ಶಾಲೆಯ ಮತಗಟ್ಟೆಯಲ್ಲಿ ನಾನು ಮತ ಹಾಕಿ, ಅತ್ತೆಯ ತೋಳು ಹಿಡಿದು ಶಾಯಿಯ ಮೇಜಿನವರೆಗೆ ಕರೆದುಕೊಂಡು ಹೋದೆ. ಅವಳು ಬಲಗೈ ಚಾಚಿದಳು. ಮೇಜಿನ ಹಿಂದಿನ ಸಿಬ್ಬಂದಿ ಮರಾಠಿಯಲ್ಲಿ, “ಆಜೀ, ಡಾವಾ ಹಾತ್,” ಎಂದು ಎಡಗೈ ಕೇಳಿದ.

ಅತ್ತೆ ಎಡಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು. “ಅದು ಲಿಂಗದ ಕೈ. ಅದಕ್ಕ ನಾ ಇಲ್ಲಿ ಬರಾಂಗಿಲ್ಲ.”

ಕೇಳದೆ ಬಿಟ್ಟ ಪ್ರಶ್ನೆಗೆ ಉತ್ತರ ಸಿಕ್ಕಿತು. ಸಿಗಬಾರದ ಜಾಗದಲ್ಲಿ. ಹಿಂದೆ ಸಾಲು ಗುಜುಗುಜು ಶುರು ಮಾಡಿತು. ಅವಳು ತಿರುಗಿ ಹೋಗಲು ಒಂದು ಹೆಜ್ಜೆ ಇಟ್ಟಳು. ಲೇಖಕನ ಮಾನ ಹೋಗುವುದರಲ್ಲಿತ್ತು. ನಾನು ಅವಳ ಕಿವಿಯಲ್ಲಿ ಹೇಳಿದೆ: “ಹಚ್ಚಿಸ್ಕೋ ಅತ್ತಿ. ಮನ್ಯಾಗ ತಿಕ್ಕಿದ್ರ ಹೋಗ್ತದ.”

ಅತ್ತೆ ನಂಬಿದಳು. ಸಿಬ್ಬಂದಿ ಶಾಯಿ ಹಚ್ಚಿ, ತಲೆಯೆತ್ತಿ ನನ್ನ ಮುಖವನ್ನು ನೆನಪಿಟ್ಟುಕೊಳ್ಳುವವನ ಹಾಗೆ ನೋಡಿದ.

ಮನೆಗೆ ಬಂದು ಅತ್ತೆ ಸ್ನಾನ ಮಾಡಿದಳು. ಸಾಬೂನು ಹಚ್ಚಿದಳು. ಶಾಯಿ ಹೋಗಲಿಲ್ಲ. ನಿಂಬೆ ಹಣ್ಣು, ಹುಣಸೆ, ಸೀಮೆಎಣ್ಣೆ, ಒಂದೊಂದನ್ನೂ ನಾನು ಮೊದಲು ನನ್ನ ಬೆರಳಿನ ಮೇಲೆ ಪ್ರಯೋಗಿಸಿದೆ. ಮುದುಕಿಯ ಚರ್ಮಕ್ಕೆ ಅಪಾಯ ಆಗಬಾರದಲ್ಲ. ಬಿಸಿಲು ಅಂಗಳಕ್ಕೆ ಇಳಿಯಿತು. ಅತ್ತೆ ಜಗಲಿಯ ಮೇಲೆ ಎಡಗೈಯನ್ನು ತನ್ನದಲ್ಲದ ಹಾಗೆ ದೂರ ಚಾಚಿಕೊಂಡು ಕುಳಿತಿದ್ದಳು. ಮಹಾದೇವಿ ಲೋಟದಲ್ಲಿ ನೀರು ತಂದಳು.

“ಒಲ್ಲೆ. ಪೂಜಾ ಆಗಿಲ್ಲ.”

“ಒಂದು ಗುಟುಕ ಅತ್ತಿ.”

“ಹೊಲಸ ಕೈಯಾಗ ಲಿಂಗ ಇಡಲೇನು? ತಿಕ್ಕಿದ್ರ ಹೋಗ್ತದ ಅಂದಾನಲ್ಲ ರಾಚಾ. ಹೋಗ್ಲಿ, ಆಮ್ಯಾಲ ಕುಡೀತೀನಿ.”

ಮಹಾದೇವಿ ಲೋಟವನ್ನು ನನ್ನ ಎದುರಿಗೆ ಇಟ್ಟಳು. “ನೀರು ಕುಡಿಯೋದು ಸಕ್ತಿ ಅಂತ ಬರೀರಿ ಈಗ. ಪೇಪರಿನ್ಯಾಗ ಬರಲಿ, ಆಕಿ ಕುಡೀತಾಳ.”

ಅತ್ತೆಯ ತುಟಿ ಒಣಗಿ ಬಿರಿದಿತ್ತು. ಮಾತು ನಿಧಾನವಾಗಿತ್ತು. ಇಷ್ಟು ಹೊತ್ತು ನನಗಿದ್ದದ್ದು ಮುಜುಗರ. ಈಗ ಹೆದರಿಕೆ ಬಂತು. ಕೊನೆಗೆ ಕಾಲು ತಿಕ್ಕುವ ಕಲ್ಲು ತಂದೆ. ಮೊದಲು ನನ್ನ ಬೆರಳು. ಕಪ್ಪು ಹೋಯಿತು. ಅದರ ಜೊತೆ ಚರ್ಮವೂ ಹೋಗಿ ರಕ್ತ ಬಂತು. ಅತ್ತೆಯ ಬೆರಳಿಗೆ ಆ ಕಲ್ಲು ಮುಟ್ಟಿಸುವ ಧೈರ್ಯ ಆಗಲಿಲ್ಲ.

ಮೆಡಿಕಲ್ ಅಂಗಡಿಗೆ ಓಡಿದೆ. ಅಂಗಡಿಯ ಶಿವಲಿಂಗಪ್ಪ ನನ್ನ ಬೆರಳಿಗೆ ಪಟ್ಟಿ ಸುತ್ತುತ್ತಿದ್ದ. ಆಗ ನಾನು, ಹದಿನೈದು ವರ್ಷ ಪತ್ರಿಕೆಯಲ್ಲಿ ಕೆಲಸ ಮಾಡಿದ ಮನುಷ್ಯ, ಮತದಾನದ ದಿನ ಹಾಡುಹಗಲಲ್ಲಿ, ಇಡೀ ಅಂಗಡಿಗೆ ಕೇಳುವ ಹಾಗೆ ಹೇಳಿದೆ: “ವೋಟಿನ ಶಾಯಿ ಅಳಿಸೋ ಔಷಧ ಕೊಡ್ರಿ. ಜಲ್ದಿ.”

ಅಂಗಡಿಯಲ್ಲಿದ್ದವರೆಲ್ಲ ನನ್ನ ಬೆರಳು ನೋಡಿದರು. ಶಿವಲಿಂಗಪ್ಪ ಕೇಳಿದ: “ಎರಡನೇ ವೋಟು ಗಡಿ ಆಚೆ ಯಾವ ಊರಾಗ ರೀ? ಆಳಂದ ಕಡೆನೋ, ಬಸವಕಲ್ಯಾಣ ಕಡೆನೋ?”

“ನನಗಲ್ಲ, ನಮ್ಮ ಅತ್ತಿಗೆ.”

“ಆಕಿ ಹೆಸರೂ ಎರಡು ಕಡೆ ಅದ?”

ಅಲ್ಲಿ ತಲೆನೋವಿನ ಗುಳಿಗೆ ಕೊಳ್ಳುತ್ತಿದ್ದ ಪೊಲೀಸ್ ನಿಧಾನವಾಗಿ ಗುಳಿಗೆಯನ್ನು ಜೇಬಿಗೆ ಹಾಕಿಕೊಂಡು ನನ್ನ ಹೆಗಲ ಮೇಲೆ ಕೈ ಇಟ್ಟ. “ಪೇಪರಿನ್ಯಾಗ ಬರದವರು ನೀವೇ ಅಲ್ರಿ? ಸೀದಾ ಜೇಲಿಗೆ ಅಂತ?”

“ಹೌದು, ಆದರ…”

“ಚೆಂದ ಬರದೀರಿ. ನಡೀರಿ.”

ನಾನು ಬೇಡಿಕೊಂಡೆ. ಠಾಣೆಗೆ ಆಮೇಲೆ ಬರುತ್ತೇನೆ, ಮೊದಲು ಮನೆಗೆ ಬಂದು ಮುದುಕಿಯನ್ನು ನೋಡಿ, ಬೆಳಿಗ್ಗೆಯಿಂದ ನೀರು ಮುಟ್ಟಿಲ್ಲ ಎಂದೆ. ನನ್ನ ಮುಖ ನೋಡಿ ಅವನಿಗೆ ಏನನ್ನಿಸಿತೋ, ಬಂದ. ಇಬ್ಬರೂ ಊರ ನಡುವೆ ನಡೆದೆವು. ಅವನ ಕೈ ನನ್ನ ಹೆಗಲ ಮೇಲೇ ಇತ್ತು. ಬಾಬುವಿನ ಅಂಗಡಿಯಲ್ಲಿ ಕುಳಿತವರು ಚಹಾ ಕೆಳಗಿಟ್ಟು ನೋಡಿದರು.

ಮನೆಯಲ್ಲಿ ಅತ್ತೆ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದಳು. ಪಕ್ಕದಲ್ಲಿ ಮಠದ ಅಯ್ಯನವರು ಕುಳಿತಿದ್ದರು. ನಾನು ಔಷಧ ಹುಡುಕಲು ಹೋದಾಗ ಮಹಾದೇವಿ ಅವರನ್ನು ಹುಡುಕಲು ಹೋಗಿದ್ದಳು.

“ಯವ್ವಾ,” ಅಯ್ಯನವರು ಕೇಳುತ್ತಿದ್ದರು, “ಲಿಂಗ ಎಲ್ಲಿ ಇಡ್ತಿ?”

“ಅಂಗೈಯಾಗ, ಬುದ್ಧಿ.” ದನಿ ಒಳಗೆಲ್ಲೋ ಇತ್ತು.

“ಶಾಯಿ ಎಲ್ಲಿ ಅದ?”

ಅತ್ತೆ ಕಣ್ಣು ತೆರೆದು ಕೈ ತಿರುವಿ ನೋಡಿದಳು. “ಉಗುರಿನ ಮ್ಯಾಲ.”

“ಅಂಗೈಗೆ ಹತ್ಯಾದೇನು?”

ಅತ್ತೆ ಮತ್ತೆ ತಿರುವಿ ನೋಡಿದಳು. ಅಯ್ಯನವರು ಕಾವಿ ಶಾಲಿನಿಂದ ತಮ್ಮ ಎಡಗೈ ಹೊರತೆಗೆದರು. ತೋರುಬೆರಳಿನ ಉಗುರಿನ ಮೇಲೆ ಕಪ್ಪು ಗೆರೆ. “ನಾನೂ ಹಾಕಿ ಬಂದೀನಿ. ಬಂದು ಪೂಜಾ ಮಾಡೀನಿ, ಪ್ರಸಾದ ತೊಗೊಂಡೀನಿ. ಏಳು.”

ಅತ್ತೆ ಎದ್ದಳು. ಪೂಜೆ ಮುಗಿಯುವವರೆಗೆ ಪೊಲೀಸ್ ಕೂಡ ಟೋಪಿ ತೆಗೆದು ನಿಂತ. ಅವಳು ಮೊದಲ ಲೋಟದ ನೀರನ್ನು ಗಟಗಟ ಕುಡಿದು ಮುಗಿಸಿದ ಮೇಲೆಯೇ ನಾನು ಉಸಿರು ಬಿಟ್ಟದ್ದು.

“ಇಷ್ಟೇ ಇದ್ದದ್ದು,” ಎಂದಳು ಅತ್ತೆ ಬಾಯಿ ಒರೆಸಿಕೊಳ್ಳುತ್ತ. “ನೀ ಮೊದಲೇ ಕೇಳಿದ್ದಿ ಅಂದ್ರ ಅಯ್ಯನವರು ಹೇಳ್ತಿದ್ರು, ನಾ ಪ್ರತಿ ಸಲ ಹಾಕ್ತಿದ್ದೆ. ಸಕ್ತಿ ಮಾಡೋದಕ್ಕಿಂತ ಕೇಳೋದು ಸಸ್ತಾ ಇತ್ತಲ್ಲೋ.”

ಪೊಲೀಸ್ ಹೋಗುವ ಮುನ್ನ ನನ್ನ ಪಟ್ಟಿ ಕಟ್ಟಿದ ಬೆರಳು ನೋಡಿದ. “ಮುದುಕಿದು ಖರೇ. ನಿಮ್ಮದು ಮಾತ್ರ ನನಗ ಡೌಟ್ ಅದ.”

ಮರುದಿನ ಬೆಳಿಗ್ಗೆ ಬಾಬುವಿನ ಅಂಗಡಿಗೆ ಹೋದೆ. ಬಾಬು ಕೆಟಲ್ ಎತ್ತಿದವನು ಹಾಗೇ ನಿಲ್ಲಿಸಿದ.

“ಸಾಹೇಬ್ರ, ಬೆರಳು.”

ಪಟ್ಟಿ ಕಟ್ಟಿದ ಬೆರಳು ತೋರಿಸಿದೆ.

“ಪಟ್ಟಿ ಅಲ್ರಿ, ಶಾಯಿ.” ಅವನು ಸಕ್ಕರೆ ಡಬ್ಬಿಯನ್ನು ನನ್ನ ಕಡೆ ತಿರುಗಿಸಿದ. “ನಾ ಅಂದದ್ದಲ್ಲ. ಇಲ್ಲಿ ನೀವೇ ಬರದೀರಿ.”

ಪಟ್ಟಿ ಬಿಚ್ಚಿದೆ. ಬೆರಳು ಕೆಂಪಗಿತ್ತು, ಸ್ವಚ್ಛವಾಗಿತ್ತು. ಬೆಂಚಿನ ಮೇಲಿದ್ದವರು ಒಬ್ಬೊಬ್ಬರಾಗಿ ತಮ್ಮ ಕಪ್ಪು ಬೆರಳನ್ನು ಎತ್ತಿ ತೋರಿಸಿದರು. ಇಡೀ ತುರೋರಿಯಲ್ಲಿ ಮೊದಲು ಮತ ಹಾಕಿದ ನಾನೊಬ್ಬನೇ ಅಲ್ಲಿ ಮತ ಹಾಕದವನು.

ಅತ್ತೆಯ ಬೆರಳಿನ ಗುರುತು ಮಾಸುವವರೆಗೆ ಒಂದು ಏರ್ಪಾಡು ಮಾಡಿಕೊಂಡೆ. ದಿನಾ ಬೆಳಿಗ್ಗೆ ಪೂಜೆ ಮುಗಿದ ಮೇಲೆ ನೀಲವ್ವತ್ತೆ ನನ್ನ ಜೊತೆ ಬಾಬುವಿನ ಅಂಗಡಿಗೆ ಬರುತ್ತಾಳೆ, ಎಡಗೈ ಎತ್ತಿ ಬೆರಳು ತೋರಿಸುತ್ತಾಳೆ, “ಇಂವಾ ನನ್ನ ಕೂಡ ಬಂದಾನ,” ಎನ್ನುತ್ತಾಳೆ. ಆಮೇಲೆ ನನಗೆ ಚಹಾ ಸಿಗುತ್ತದೆ.