ಪಂಕಜಾಕ್ಷಿಯ ರಿಮೂವರಾಸ್ತ್ರ

ತಾಮ್ರ ಹಿತ್ತಾಳೆಗಳ ಮಹಾಸಾಮ್ರಾಜ್ಯಗಳು ಅಟ್ಟ ಸೇರಿ, ಅಲ್ಯೂಮಿನಿಯಮ್ಮಿನ ಅಲ್ಪಾಯುಷಿ ಆಳ್ವಿಕೆಯೂ ಮುಗಿದು, ಸ್ಟೀಲೆಂಬ ಸಾರ್ವಭೌಮನು ಅಡುಗೆಮನೆಯಿಂದ ಅಡುಗೆಮನೆಗೆ ದಂಡೆತ್ತಿ ಹೋಗಿ, ಪಾತ್ರೆ ಬೆಳಗುವ ಪದವಿಯಲ್ಲಿದ್ದ ಹುಣಸೆಹಣ್ಣನ್ನು ಕೆಳಗಿಳಿಸಿ ಬರಿಯ ಸಾರಿಗೆ ಸೀಮಿತಗೊಳಿಸಿದ ಪುಣ್ಯಯುಗವೊಂದುಂಟು. ಆ ಯುಗದಲ್ಲಿ, ದಿಕ್ಕುದಿಕ್ಕಿನ ರೈಲುಗಳು ಕೂಡಿ ಕೂಗುವ ಅರಸೀಕೆರೆಯೆಂಬ ಪಟ್ಟಣದ ರೈಲ್ವೆ ಕ್ವಾರ್ಟರ್ಸಿನಲ್ಲಿ, ಮಸಿಮರ್ದಿನಿಯೂ ಜಿಡ್ಡುಸಂಹಾರಿಣಿಯೂ ತೆಂಗಿನನಾರುಧಾರಿಣಿಯೂ ಆದ ಪಂಕಜಾಕ್ಷಿಯೆಂಬ ವೀರವನಿತೆ, ಸಿಗ್ನಲ್ ವಿಭಾಗದ ಲೋಕಪ್ಪನ ಧರ್ಮಪತ್ನಿಯಾಗಿ ಬಾಳುತ್ತಿದ್ದಳು. ಎಲೈ ವಾಗ್ದೇವಿಯೇ, ವೀಣೆಯನ್ನು ಕೊಂಚ ಹೊತ್ತು ಪಕ್ಕಕ್ಕಿಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಾ. ಈ ಕಥೆ ನಡೆಯುವುದು ಬಚ್ಚಲಿನ ಪಕ್ಕದಲ್ಲಿ.

ಪಂಕಜಾಕ್ಷಿಯ ಮಗಳು ಯಶಸ್ವಿನಿಯ ಸೀಮಂತ ಹಿಂದಿನ ದಿನವಷ್ಟೇ ಮುಗಿದಿತ್ತು. ಆ ಕ್ವಾರ್ಟರ್ಸಿನ ಸಾಲಿನಲ್ಲಿ ಯಾರ ಮನೆಯಲ್ಲಿ ಶುಭಕಾರ್ಯವಾದರೂ ಬಾಡಿಗೆ ಪಾತ್ರೆ ತರುವ ಪದ್ಧತಿಯಿಲ್ಲ. ಎಲ್ಲ ಮನೆಗಳ ಡಬರಿ, ತಪ್ಪಲೆ, ಬೇಸಿನ್ನುಗಳು ಮೆರವಣಿಗೆ ಹೊರಟು ಕಾರ್ಯದ ಮನೆಗೆ ಬಂದಿಳಿಯುತ್ತವೆ. ನೋಡಲು ಎಲ್ಲವೂ ಒಂದೇ ತಾಯಿಯ ಮಕ್ಕಳು. ಮೈಮೇಲೆ ಕೊರೆಸಿದ ಹೆಸರುಗಳನ್ನು ನಂಬುವಂತೆಯೂ ಇಲ್ಲ. ಒಬ್ಬರ ಮದುವೆಗೆ ಬಂದ ಉಡುಗೊರೆ ಇನ್ನೊಬ್ಬರ ಗೃಹಪ್ರವೇಶಕ್ಕೆ ಹೋಗಿ, ಅಲ್ಲಿಂದ ಮತ್ತೊಬ್ಬರ ನಾಮಕರಣಕ್ಕೆ ಹೋಗಿ, ಯಾರದೋ ಪಾತ್ರೆಯ ಮೇಲೆ ಯಾರದೋ ಸೋದರಮಾವನ ಹೆಸರು ಮೆರೆಯುತ್ತಿರುತ್ತದೆ. ಈ ಗೊಂದಲಕ್ಕೆ ಹಿಂದೆಂದೋ ಅಲ್ಲಿದ್ದ ಗಾರ್ಡಿನ ಹೆಂಡತಿಯೊಬ್ಬಳು ಪರಿಹಾರ ಕಂಡುಹಿಡಿದಿದ್ದಳು. ಅಂಚಿನ ಕೆಳಗೆ, ಬೆಂಕಿ ತಾಗದ ಕಡೆ, ನೈಲ್ ಪಾಲಿಶಿನ ಬೊಟ್ಟು. ಮಂಗಳಕ್ಕನ ಮನೆಯದಕ್ಕೆ ಕೆಂಪು ಜೋಡಿ ಬೊಟ್ಟು, ದೇವೀರಮ್ಮನದಕ್ಕೆ ಹಸಿರು, ಫಿಲೋಮಿನಾಳದಕ್ಕೆ ಗುಲಾಬಿ. ಪಂಕಜಾಕ್ಷಿಯದು ನೀಲಿ. ಆ ನೀಲಿ ಬೊಟ್ಟಿನ ಬಳಗದಲ್ಲಿ ಅವಳಿಗೆ ಪ್ರಾಣವೆಂದರೆ ಒಂದು ದಪ್ಪ ತಳದ ಡಬರಿ. ಅವಳ ತಾಯಿ ಅದನ್ನು ತಿಪಟೂರಿನಿಂದ ಪ್ಯಾಸೆಂಜರ್ ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದುಕೊಟ್ಟಿದ್ದರು. ಕಣ್ಣಿಗೆ ಅದೂ ಉಳಿದವುಗಳ ಹಾಗೆಯೇ. ಎತ್ತಿದವರಿಗೆ ಮಾತ್ರ ವ್ಯತ್ಯಾಸ ತಿಳಿಯುತ್ತಿತ್ತು.

ಇನ್ನು ವೈರದ ಮೂಲ. ಪಕ್ಕದ ಮನೆಯ ಮಂಗಳಕ್ಕ ಸಾಲಿಗೆಲ್ಲ ಹಿರಿಯಳು, ವಾಕ್ಪ್ರಹಾರಪ್ರವೀಣೆ, ನಲ್ಲಿಕಟ್ಟೆಯ ಏಕಚಕ್ರಾಧಿಪತಿ. ಹಿಂದಿನ ವರ್ಷ ಸತ್ಯನಾರಾಯಣ ಪೂಜೆಗೆ ಕೊಟ್ಟ ಅವಳ ತಪ್ಪಲೆ ತಳದಲ್ಲಿ ಕೊಂಚ ಮಸಿ ಹೊತ್ತು ಹಿಂದಿರುಗಿತ್ತು. ಅವಳು ನೀರಿಗೆ ನಿಂತ ಸಮಸ್ತ ಕೊಡಗಳ ಸಮ್ಮುಖದಲ್ಲಿ, “ಪಂಕಜನ ಮನೆಗೆ ಕೊಟ್ಟ ಪಾತ್ರೆ ಕೊಟ್ಟಂಗೆ ವಾಪಸ್ ಬರಲ್ಲ ಕಣ್ರೀ. ಏನಾದ್ರೂ ಒಂದು ಅಂಟ್ಕೊಂಡೇ ಬರುತ್ತೆ” ಎಂದಿದ್ದಳು. ಅಂದಿನಿಂದ ಪಂಕಜಾಕ್ಷಿಗೆ ನಲ್ಲಿಯ ಹತ್ತಿರ ತಲೆ ಎತ್ತಿ ನಿಲ್ಲಲು ಆಗಿರಲಿಲ್ಲ. ಆ ಮಾತನ್ನು ಮಂಗಳಕ್ಕನ ಬಾಯಿಂದಲೇ ಹಿಂದಕ್ಕೆ ತೆಗೆಸಬೇಕೆಂಬುದು ಅವಳ ಜೀವಮಾನದ ಆಸೆಯಾಗಿತ್ತು.

ಆ ಮುಂಜಾನೆ ಬಚ್ಚಲ ಮುಂದೆ ರಾಶಿ ಬಿದ್ದ ಪಾತ್ರೆಗಳನ್ನು ದಿಟ್ಟಿಸಿ, “ಎಲೈ ಡಬರಿಗಳಿರಾ, ತಪ್ಪಲೆಗಳಿರಾ, ಸೌಟುಕುಲತಿಲಕರಿರಾ! ಇಂದು ಸೂರ್ಯನು ಗೂಡ್ಸ್ ಶೆಡ್ಡಿನ ಹಿಂದೆ ಅಸ್ತಂಗತನಾಗುವ ಮುನ್ನ ನಿಮ್ಮ ಮೈಯಲ್ಲಿ ಮಸಿಯ ಕಣವಾಗಲಿ ಗೋಂದಿನ ಲೇಶವಾಗಲಿ ಉಳಿದುದಾದರೆ ನಾನು ಪಂಕಜಾಕ್ಷಿಯೇ ಅಲ್ಲ, ನಿಂದಿಸಿದ ನಾಲಿಗೆಯೇ ನನ್ನನ್ನು ಹೊಗಳದಿದ್ದರೆ ಈ ನಾರನ್ನು ಇನ್ನೆಂದೂ ಮುಟ್ಟೆನು” ಎಂದು ಗರ್ಜಿಸಿದಳೆಂದು ಬರೆದರೆ ಕಾವ್ಯಕ್ಕೆ ಶೋಭೆ. ಬಚ್ಚಲಲ್ಲಿ ನಿಜವಾಗಿ ಕೇಳಿಸಿದ್ದು, “ಈ ಸಲ ಬಾಯಿ ಮುಚ್ಚಿಸ್ತೀನಿ ನೋಡು” ಎಂಬುದಷ್ಟೇ.

ನಾರು, ಸೀಗೆಪುಡಿ, ಬೂದಿ, ನಿಂಬೆಸಿಪ್ಪೆಗಳ ಚತುರಂಗಬಲದಿಂದ ಮಸಿಯೇನೋ ಸೋತಿತು. ಆದರೆ ದೇವೀರಮ್ಮನ ಹೊಸ ಬೇಸಿನ್ನಿನ ಮೇಲೆ ಅಂಗಡಿಯವನು ಅಂಟಿಸಿದ ಚೀಟಿ, ಕಾಗದವೆಲ್ಲ ಹರಿದುಹೋದರೂ ಗೋಂದನ್ನು ಮಾತ್ರ ಕೋಟೆಯಂತೆ ಕಾಯ್ದುಕೊಂಡು ಕುಳಿತಿತ್ತು. ಬಿಸಿನೀರು ಹಿಮ್ಮೆಟ್ಟಿತು. ಕೊಬ್ಬರಿ ಎಣ್ಣೆ ಜಾರಿಕೊಂಡಿತು. ಪಂಕಜಾಕ್ಷಿಯ ಹೆಬ್ಬೆರಳಿನ ಉಗುರೇ ಮುರಿಯಿತು. ಆಗ ಯಶಸ್ವಿನಿ, ಸೀಮಂತಕ್ಕೆ ಹಚ್ಚಿದ್ದ ಬಣ್ಣವನ್ನು ಉಗುರಿನಿಂದ ಒರೆಸಿದ ಹತ್ತಿಯ ತುಂಡನ್ನು ಎಸೆಯಲೆಂದು ಬಂದವಳು, ಅದನ್ನು ಬೇಸಿನ್ನಿನ ಮೇಲೆ ಒಮ್ಮೆ ಸುಮ್ಮನೆ ಆಡಿಸಿದಳು. ಗೋಂದು ಬೆಣ್ಣೆಯ ಹಾಗೆ ಬಿಟ್ಟುಕೊಂಡಿತು. ನಖರಾಗಾಪಹಾರಿಣಿ, ಅಂದರೆ ನೈಲ್ ಪಾಲಿಶ್ ರಿಮೂವರ್ ಎಂಬ ಮಹಾಸ್ತ್ರವು, ಬೆರಳುದ್ದದ ಬಾಟಲಿಯ ರೂಪದಲ್ಲಿ, ಹೀಗೆ ತಾಯಿಯ ಕೈಸೇರಿತು.

ಮಗಳು ಅಸ್ತ್ರದ ಜೊತೆ ನಿಯಮಗಳನ್ನೂ ಉಪದೇಶಿಸಿದಳು. ಕಿಟಕಿ ತೆಗೆದಿರಬೇಕು, ಒಲೆ ಹಚ್ಚಿರಬಾರದು, ಪ್ಲಾಸ್ಟಿಕ್ಕನ್ನು ಮುಟ್ಟಬಾರದು. ಬಸುರಿಗೆ ಈ ವಾಸನೆ ಆಗದೆಂದು ತಾಯಿ ಅವಳನ್ನು ಹೊರಗಿನ ಕಟ್ಟೆಗೆ ಅಟ್ಟಿ, ಕಿಟಕಿಗಳನ್ನೆಲ್ಲ ತೆರೆದು, ಪಾತ್ರೆಗಳನ್ನು ಮರೆತು, ದಿಗ್ವಿಜಯಕ್ಕೆ ಹೊರಟಳು. ಕಿಟಕಿಯ ಗಾಜಿನ ಮೇಲೆ ಬಣ್ಣ ಬಳಿಯುವವರು ಚಿಮುಕಿಸಿ ಹೋಗಿದ್ದ ಪೇಂಟಿನ ಹನಿಗಳು ಶರಣಾದವು. ಲೋಕಪ್ಪ ಸ್ಟೀಲಿನ ಟಿಫಿನ್ ಕ್ಯಾರಿಯರ್ ಮೇಲೆ ಮಾರ್ಕರಿನಲ್ಲಿ ಬರೆದಿದ್ದ ಅವನದೇ ಹೆಸರು ನಿರ್ನಾಮವಾಯಿತು. ಚಪ್ಪಲಿ ಅಂಟಿಸುವಾಗ ಕಡಪ ಕಲ್ಲಿನ ಮೇಲೆ ಬಿದ್ದು ಗಟ್ಟಿಯಾಗಿದ್ದ ಗಮ್ಮಿನ ತೊಟ್ಟೂ ಮೆತ್ತಗಾಗಿ ಎದ್ದುಬಂತು. ಜಯದ ಮದದಲ್ಲಿ ಉಪ್ಪಿನಕಾಯಿ ಡಬ್ಬಿಯ ಮುಚ್ಚಳವನ್ನೂ ಉಜ್ಜಿದಳು, ಅದು ಪ್ಲಾಸ್ಟಿಕ್ಕು. ಹೊಳಪು ಕಳೆದುಕೊಂಡು, ಅಂಟಂಟಾಗಿ, ಅವಳ ಹೆಬ್ಬೆಟ್ಟಿನ ಗುರುತನ್ನು ಒತ್ತಿಸಿಕೊಂಡು ಕುಳಿತಿತು. ಆ ಸೋಲನ್ನು ಬೀರುವಿನ ಹಿಂದೆ ಅಡಗಿಸಿ ಅವಳು ಪಾತ್ರೆಗಳ ಕಡೆಗೆ ತಿರುಗಿದಳು.

ಅಯ್ಯೋ, ಇಲ್ಲಿಂದ ಮುಂದೆ ಹೇಳಲು ನನಗೇ ಸಂಕಟವಾಗುತ್ತದೆ. ಕೈ ಓಡುವಾಗ ಬುದ್ಧಿ ಹಿಂದೆ ಉಳಿಯುವುದು ಅವಳೊಬ್ಬಳ ದೋಷವಲ್ಲ. ಕಲೆಯ ಮೇಲೆ ಕಲೆ ಅಳಿಸುತ್ತ ಬಂದವಳಿಗೆ ಲೋಕದಲ್ಲಿ ಉಳಿದ ಬಣ್ಣವೆಲ್ಲ ಕಲೆಯಾಗಿಯೇ ಕಂಡಿತು. ಕೆಂಪು ಹೋಯಿತು, ಹಸಿರು ಹೋಯಿತು, ಗುಲಾಬಿ ಹೋಯಿತು. ತನ್ನದೇ ಕೈಯಿಂದ ಇಟ್ಟ ನೀಲಿಯೂ ಹತ್ತಿಗೆ ಹತ್ತಿ ಹೋಯಿತು. ಮುಗಿದಾಗ ಪಾತ್ರೆಗಳು ಸಾಲಾಗಿ ಮಿನುಗುತ್ತಿದ್ದವು, ಪಂಕಜಾಕ್ಷಿ ಒಂದೊಂದರಲ್ಲೂ ತನ್ನ ಮುಖ ನೋಡಿಕೊಂಡು ಹಿಗ್ಗಿದಳು.

ಮಧ್ಯಾಹ್ನದ ಕಾಫಿಯ ಹೊತ್ತಿಗೆ ಮೂವರೂ ಪಾತ್ರೆ ಒಯ್ಯಲು ಬಂದರು. ದೇವೀರಮ್ಮ ಒಂದು ಡಬರಿಯನ್ನು ಎತ್ತಿ ತಿರುಗಿಸಿದಳು. ಇನ್ನೊಂದನ್ನು ತಿರುಗಿಸಿದಳು. ಫಿಲೋಮಿನಾ ಕನ್ನಡಕ ಹಾಕಿಕೊಂಡಳು. ಕಡೆಗೆ ಮಂಗಳಕ್ಕ ಸೊಂಟದ ಮೇಲೆ ಕೈಯಿಟ್ಟು ಕೇಳಿದಳು.

“ಬೊಟ್ಟೆಲ್ಲೇ ಪಂಕಜಾ?”

ಕ್ಲೀನ್ ಮಾಡಿದೆ ಅಕ್ಕಾ ಎಂದು ಪಂಕಜಾಕ್ಷಿ ಹೇಗೋ ತೊದಲಿದಳು.

“ನಿನ್ನೆ ಮಗಳಿಗೆ ಸೀಮಂತ ಮಾಡಿ, ಇವತ್ತು ಊರೋರ ಪಾತ್ರೆ ಬೊಟ್ಟೆಲ್ಲ ಅಳಿಸಿ ಕೂತಿದ್ದೀಯಲ್ಲೇ.”

ಬೊಟ್ಟು ಎಂಬ ಆ ಮಾತು ನೆಟ್ಟಗೆ ಎದೆಗೆ ನಾಟಿತು. ಪಂಕಜಾಕ್ಷಿ ಕಟ್ಟೆಯ ಮೇಲಿದ್ದ ಮಗಳ ಹಣೆಯನ್ನೊಮ್ಮೆ ನೋಡಿ, ಅಲ್ಲಿ ಕುಂಕುಮ ಇದ್ದಲ್ಲೇ ಇರುವುದನ್ನು ಕಂಡು, ಮನಸ್ಸಿನಲ್ಲೇ ದೇವರಿಗೆ ಕೈಮುಗಿದಳು. ಅವಳಿಗೆ ನಿಜವಾಗಿಯೂ ಹೆದರಿಕೆಯಾಗಿತ್ತು. ಫಿಲೋಮಿನಾ ಮಾತ್ರ, ಉಗುರಿನ ಬಣ್ಣಕ್ಕೆಲ್ಲ ಶಕುನ ಎಲ್ಲಿಂದ ಬರುತ್ತೆ, ಮೊದಲು ನನ್ನ ಡಬರಿ ಯಾವುದು ಹೇಳಿ ಎಂದು ಪಟ್ಟುಹಿಡಿದಳು.

ಅಲ್ಲಿಗೆ ಮಹಾಸಂಗ್ರಾಮ ಆರಂಭವಾಯಿತು. ಗುರುತು ಅಳಿದೊಡನೆ ಪ್ರತಿಯೊಬ್ಬಳ ನೆನಪೂ ಅವಳ ಪಾತ್ರೆಗಿಂತ ದೊಡ್ಡದಾಗಿ ಬೆಳೆಯಿತು. ತನ್ನ ಡಬರಿಯಲ್ಲಿ ಇಡೀ ಸ್ಟೇಷನ್ನಿಗೆ ಬಿಸಿಬೇಳೆಬಾತ್ ಮಾಡಿದ್ದಾಗಿ ದೇವೀರಮ್ಮ ಘೋಷಿಸಿದಳು. ತನ್ನದನ್ನು ಕ್ರಿಸ್‌ಮಸ್ಸಿಗೆ ಇಬ್ಬರು ಹಿಡಿದು ಇಳಿಸಬೇಕಾಗುತ್ತದೆ ಎಂದು ಫಿಲೋಮಿನಾ ಎದುರು ನುಡಿದಳು. ಎಲ್ಲರ ಪಾತ್ರೆಯೂ ದೊಡ್ಡದು, ದಪ್ಪದ್ದು, ಹೊಸದು. ಒಂದು ಕಡೆ ನಗ್ಗಿ, ತಳ ತೆಳ್ಳಗಾಗಿ, ಇಟ್ಟರೆ ಓಲಾಡುವ ಡಬರಿಯೂ ಒಂದಿತ್ತು, ಅದಕ್ಕೆ ಮಾತ್ರ ವಾರಸುದಾರರೇ ಹುಟ್ಟಲಿಲ್ಲ. ಹೀಗೆ ಎಳೆದಾಟದಲ್ಲಿ ಒಬ್ಬೊಬ್ಬರ ಕಂಕುಳಿಗೂ ಒಂದೊಂದು ಸೇರುತ್ತಿರುವಾಗ, ಮಂಗಳಕ್ಕ ನಿಧಾನವಾಗಿ ಬಗ್ಗಿ, ಮೂಲೆಯ ಒಂದು ಡಬರಿಯನ್ನು ಎತ್ತಿ, ಕೈಯಲ್ಲೇ ತೂಗಿ ನೋಡಿದಳು.

“ಇದೇ ನಂದು. ಕೈಗೆ ಗೊತ್ತಾಗುತ್ತೆ.”

ಅದು ತಿಪಟೂರಿನಿಂದ ತಾಯಿಯ ತೊಡೆಯೇರಿ ಬಂದ ಡಬರಿ. ಪಂಕಜಾಕ್ಷಿ ಬಾಯಿ ತೆರೆದಳು. ಅಷ್ಟರಲ್ಲಿ ಮಂಗಳಕ್ಕ ಅದರ ಹೊಳೆಯುವ ಮೈಯನ್ನು ಸವರಿ, ಫಿಲೋಮಿನಾಳಿಗೂ ದೇವೀರಮ್ಮನಿಗೂ ಕೇಳುವಂತೆ, ಆ ಇಡೀ ವರ್ಷ ಯಾರೂ ಆಡದ ಮಾತನ್ನು ಆಡಿದಳು.

“ಬೊಟ್ಟು ಹೋದ್ರೆ ಹೋಗ್ಲಿ ಬಿಡಿ, ಇನ್ನೊಂದಿಟ್ರಾಯ್ತು. ಪಂಕಜನ ಮನೆಗೆ ಕೊಟ್ಟ ಪಾತ್ರೆ ಕೊಟ್ಟಿದ್ದಕ್ಕಿಂತ ಚೆನ್ನಾಗಿ ವಾಪಸ್ ಬಂದೈತೆ ಕಣ್ರೀ. ಸುಳ್ಳು ಯಾಕೆ ಹೇಳ್ಳಿ?”

ಸುಳ್ಳೇನೂ ಇರಲಿಲ್ಲ. ಕೊಟ್ಟದ್ದಕ್ಕಿಂತ ಅದು ಎಷ್ಟೋ ಚೆನ್ನಾಗಿತ್ತು. ಮಂಗಳಕ್ಕನಿಗೆ ಗೊತ್ತಿತ್ತೋ ಇಲ್ಲವೋ, ಅವಳ ಮುಖ ನೋಡಿ ಹೇಳುವ ಧೈರ್ಯ ಈ ಕಥೆಗಾರನಿಗಿಲ್ಲ. ಪಂಕಜಾಕ್ಷಿಯ ಮುಂದೆ ಒಂದು ಕಡೆ ಕೀರ್ತಿ, ಇನ್ನೊಂದು ಕಡೆ ಡಬರಿ. ಇದು ನಮ್ಮದು ಅಕ್ಕಾ ಎಂದರೆ ಗುರುತೇನು ಎಂದು ಕೇಳುತ್ತಾರೆ, ಗುರುತನ್ನು ಅಳಿಸಿದವಳು ತಾನೇ; ಮಾತಿಗೆ ಮಾತು ಬೆಳೆದರೆ ಈಗಷ್ಟೇ ಬಂದ ಹೊಗಳಿಕೆ ನಾಳೆ ನಲ್ಲಿಯ ಹತ್ತಿರ ಇನ್ನೇನಾಗಿ ತಿರುಗುತ್ತದೋ. ಅವಳು ತೆರೆದ ಬಾಯಿಯಿಂದ, “ಕಾಫಿ ಕುಡ್ಕೊಂಡು ಹೋಗಿ ಮಂಗಳಕ್ಕ” ಎಂದಳು. ಮಂಗಳಕ್ಕ ಕುಡಿದೇ ಹೋದಳು.

ಸಂಜೆ ಪಂಕಜಾಕ್ಷಿ ಉಳಿದ ಓಲಾಡುವ ಡಬರಿಯಲ್ಲಿ ಅನ್ನಕ್ಕಿಟ್ಟಳು. ಅಷ್ಟು ತೆಳ್ಳಗಿನ ತಳದ ಅಭ್ಯಾಸ ಅವಳ ಕೈಗಿರಲಿಲ್ಲ. ಡ್ಯೂಟಿ ಮುಗಿಸಿ ಬಂದ ಲೋಕಪ್ಪ ಮೂಗರಳಿಸಿ, “ಏನೇ ಇದು, ಸೀದ ವಾಸನೆ? ಯಾರ ಮನೆ ಡಬರಿ?” ಎಂದ.

“ನಮ್ದೇ” ಎಂದಳು ಅವಳು.

ಊಟವಾದ ಮೇಲೆ, ಒಲೆ ಆರಿದೆಯೇ ಎಂದು ನೋಡಿ, ಬಾಟಲಿಯ ತಳದಲ್ಲಿ ಉಳಿದಿದ್ದ ಕಡೆಯ ಹನಿಗಳನ್ನು ಹತ್ತಿಗೆ ಬಸಿದು ಆ ಕಪ್ಪು ತಳವನ್ನು ಬಲವಾಗಿ ಉಜ್ಜಿದಳು. ಸೀದ ಅನ್ನ ಜಗ್ಗಲಿಲ್ಲ. ಡಬರಿಗೆ ನೀರು ತುಂಬಿಸಿ, ಬೆಳಗ್ಗೆವರೆಗೂ ನೆನೆಯಲಿ ಎಂದು ಬಚ್ಚಲಲ್ಲಿಟ್ಟು ಮಲಗಿದಳು.