ಅಡುಗೆಮನೆ ನಲ್ಲಿಯ ಉಪಸಮಿತಿ

ನಮ್ಮ ನೀರು ಮೀಟರ್ ಕಚೇರಿಯಲ್ಲಿ ಗೆಳೆತನಕ್ಕೆ ಅನುದಾನವಿಲ್ಲ, ಸಭೆಗೆ ಇದೆ. ಮೂವರು ನೌಕರರು ಸುಮ್ಮನೆ ಕೂತು ಚಹಾ ಕುಡಿದರೆ ಅದು ಕರ್ತವ್ಯಲೋಪ. ಅದೇ ಮೂವರು ಮುಂದೊಂದು ವಿಷಯಸೂಚಿ ಇಟ್ಟುಕೊಂಡು ಕುಡಿದರೆ ಸಭೆ. ಸಭೆಗೆ ಕುರ್ಚಿ, ಚಹಾ, ಬಿಸ್ಕತ್ತು ಕಚೇರಿಯದು. ಮಧ್ಯಾಹ್ನ ದಾಟಿದರೆ ಊಟವೂ ಕಚೇರಿಯದು. ಮಧ್ಯಾಹ್ನದೊಳಗೆ ಮುಗಿದ ಸಭೆ ನಮ್ಮಲ್ಲಿ ಇದುವರೆಗೆ ದಾಖಲಾಗಿಲ್ಲ. ನಡಾವಳಿ ಬರೆಯುವ ಗುಮಾಸ್ತ ನಾನೇ ಆದ್ದರಿಂದ ಈ ಮಾತನ್ನು ಅಧಿಕೃತವೆಂದು ತಿಳಿಯತಕ್ಕದ್ದು.

ಮೀಟರಣ್ಣನ ಪ್ರಕರಣದ ಹಿನ್ನೆಲೆ ಹೀಗಿದೆ. ಕೆಟ್ಟ ಮೀಟರು ಬಿಚ್ಚಿ ರಿಪೇರಿ ಮಾಡುವುದು ಅವನ ಕೆಲಸ, ಅದಕ್ಕೇ ಆ ಹೆಸರು. ಅವನು, ಉಗ್ರಾಣದ ಬೀಗಪ್ಪ, ಟೈಪಿಸ್ಟ್ ಅಕ್ಕ ಮತ್ತು ನಾನು ಹಳೆಯ ಗೆಳೆಯರು. ಸರದಿಯಂತೆ ಒಬ್ಬೊಬ್ಬರ ಮನೆಯಲ್ಲಿ ಊಟಕ್ಕೆ ಸೇರುವುದು ನಮ್ಮ ರೂಢಿ. ಹನ್ನೊಂದು ವರ್ಷದಿಂದ ಆ ಸರದಿ ಮೀಟರಣ್ಣನ ಬಾಗಿಲವರೆಗೂ ಬಂದು, ಒಳಗೆ ಹೋಗದೆ ಮುಂದಿನವರ ಮನೆಗೆ ಹೋಗುತ್ತಿತ್ತು. ಅವನಿಗೆ ಸಂಬಳ ಒಂದು, ಉರಿಸಬೇಕಾದ ಒಲೆ ಎರಡು: ತನ್ನದು ಮತ್ತು ಗಂಡನನ್ನು ಕಳೆದುಕೊಂಡ ತಂಗಿಯದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ಅವನಿಗೆ ಕಾಲು ಮಡಚಿ ಕೂರಲೂ ಜಾಗ ಸಾಲದು. ನಾವು ಯಾವತ್ತೂ ಏನೂ ಕೇಳಿದವರಲ್ಲ. ಕೇಳದಿರುವ ನಮ್ಮ ದೊಡ್ಡತನ ಅವನ ಗಮನಕ್ಕೆ ಬರುವಂತೆ ಮಾತ್ರ ನೋಡಿಕೊಳ್ಳುತ್ತಿದ್ದೆವು.

ಕೊನೆಗೊಂದು ದಿನ ಅವನ ಹೆಂಡತಿ, ಅಂದರೆ ನಮ್ಮೆಲ್ಲರ ಅತ್ತಿಗೆ, ಅವನಿಗೆ ಹೇಳಿಯೇಬಿಟ್ಟರಂತೆ: "ಹನ್ನೊಂದು ವರ್ಷ ಅವರ ಮನೇಲಿ ಉಂಡು ಕೈ ತೊಳೆದಿದ್ದೀರಿ. ಒಂದು ಸಲ ಅವರೂ ನಮ್ಮನೇಲಿ ಕೈ ತೊಳೀಲಿ. ಬೇಯಿಸಿದ ಆಲೂಗಡ್ಡೆನೇ ಆಗ್ಲಿ, ನಮ್ಮ ಕೈಯಾರೆ ಬಡಿಸೋಣ." ಮೀಟರಣ್ಣನಿಗೂ ಬೇಕಾದದ್ದು ಅಷ್ಟೇ. ತನ್ನ ಮನೆಯಲ್ಲಿ ತಾನು ನಿಂತು, ಇನ್ನೊಂಚೂರು ಹಾಕಿಸಿಕೊಳ್ಳಿ ಎಂದು ಗೆಳೆಯರನ್ನು ಒಮ್ಮೆ ಒತ್ತಾಯ ಮಾಡಬೇಕು. ಇದನ್ನು ಹೇಳುವಾಗ ಅವನ ದನಿ ತಗ್ಗಿತು. ಅಷ್ಟು ಸಣ್ಣ ಆಸೆಯನ್ನು ಅಷ್ಟು ನಾಚಿಕೊಂಡು ಹೇಳಿದ್ದು ನೋಡಿ ನನಗೆ ನಿಜವಾಗಿ ಬೇಸರವಾಯಿತು.

ಕೂರಿಸಲು ಕುರ್ಚಿ ಬೇಕಲ್ಲ, ಎರವಲು ಕೇಳಲು ಅವನು ಉಗ್ರಾಣಕ್ಕೆ ಹೋದ. ಬೀಗಪ್ಪ ಗೆಳೆಯನೇ ಆದರೂ ಕುರ್ಚಿಯ ವಿಷಯದಲ್ಲಿ ಹೆತ್ತ ತಾಯಿಯನ್ನೂ ನಂಬುವವನಲ್ಲ.

"ಮನೆಗೆ ಅಂದ್ರೆ ಒಂದೂ ಇಲ್ಲಪ್ಪ. ಸಭೆಗೆ ಅಂದ್ರೆ ನಲವತ್ತಿದೆ" ಎಂದ.

ಇಲ್ಲಿಂದ ಮುಂದಿನದೆಲ್ಲ ಸಹಜವಾಗಿಯೇ ನಡೆಯಿತು. ಕುರ್ಚಿಯೂ ಊಟವೂ ಕಚೇರಿಯಿಂದಲೇ ಬರಲಿ, ಆಲೂಗಡ್ಡೆ ಅತ್ತಿಗೆಯದಿರಲಿ ಎಂದು ನಾಲ್ವರೂ ತೀರ್ಮಾನಿಸಿದೆವು. 'ಗೃಹಬಳಕೆಯ ನಲ್ಲಿಗಳ ಸೋರಿಕೆ ಕುರಿತ ಸ್ಥಳ ಪರಿಶೀಲನಾ ಉಪಸಮಿತಿ'ಯ ಪ್ರಸ್ತಾವವನ್ನು ನಾನು ಬರೆದೆ, ಅಕ್ಕ ಟೈಪು ಮಾಡಿದರು. ಒಂದೇ ಒಂದು ತೊಡಕಿತ್ತು. ಉಪಸಮಿತಿ ಸೋರುವ ನಲ್ಲಿಯ ಎದುರಿಗೇ ಸೇರಬೇಕು. ಮೀಟರಣ್ಣನ ಮನೆಯ ನಲ್ಲಿ ಹನಿ ನೀರೂ ಸೋರುತ್ತಿರಲಿಲ್ಲ. ಅವನು ಅಂದೇ ಸಂಜೆ ಮನೆಗೆ ಹೋಗಿ, ತಾನೇ ಹಾಕಿದ್ದ ಹೊಸ ವಾಷರನ್ನು ತಾನೇ ಕಿತ್ತು, ಸವೆದ ಹಳೆಯದನ್ನು ಹಾಕಿದ. ನಲ್ಲಿ ನಿಯಮಾನುಸಾರ ತೊಟ್ಟಿಕ್ಕತೊಡಗಿತು.

ನಮ್ಮಲ್ಲಿ ಒಡೆದ ಪೈಪಿನ ಕಡತ ಸಾಹೇಬರ ಮೇಜಿನ ಮೇಲೆ ಮೂರು ತಿಂಗಳು ನಿದ್ದೆ ಮಾಡುವುದುಂಟು. ಇದರಲ್ಲಿ ಊಟವಿತ್ತು, ಅಂದೇ ಮಂಜೂರಾಯಿತು. ಅಷ್ಟೇ ಅಲ್ಲ, ಅಧ್ಯಕ್ಷರ ಜಾಗದಲ್ಲಿ ಸಾಹೇಬರು ತಮ್ಮ ಹೆಸರನ್ನು ತಾವೇ ತುಂಬಿದ್ದರು.

ಮೊದಲ ಸಭೆಯ ದಿನ ಜೀಪಿನಲ್ಲಿ ಕುರ್ಚಿಗಳು ಬಂದವು, ಕ್ಯಾಂಟೀನಿನಿಂದ ಊಟ ಬಂತು. ಮೀಟರಣ್ಣ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಾಗಿಲಲ್ಲಿ ನಿಂತು, ಬನ್ನಿ ಬನ್ನಿ ಎಂದು ಎಲ್ಲರನ್ನೂ ಕರೆದ. ಅತ್ತಿಗೆ ಆಲೂಗಡ್ಡೆಯ ಪಾತ್ರೆ ತಂದು ಮೇಜಿನ ಮೇಲಿಟ್ಟರು. ಸಾಹೇಬರು ಅದನ್ನು ನೋಡಿ ಕನ್ನಡಕ ಸರಿಮಾಡಿಕೊಂಡರು. ಮಂಜೂರಾದ ಪಟ್ಟಿಯಲ್ಲಿ ಆಲೂಗಡ್ಡೆಯಿಲ್ಲ, ಪರಿಶೀಲನೆಗೆ ಬಂದವರಿಗೆ ಮನೆಯವರು ಏನು ಕೊಟ್ಟರೂ ಅದು ಲಂಚದ ವ್ಯಾಪ್ತಿಗೆ ಬರುತ್ತದೆ ಎಂದು ವಿವರಿಸಿದರು. ಪಾತ್ರೆ ಒಳಗೆ ಹೋಯಿತು. ಅದು ಘಮಘಮ ಎನ್ನುತ್ತಿತ್ತೆಂಬುದನ್ನು ನಡಾವಳಿಯಲ್ಲಿ ಕಾಣಿಸಲು ಅವಕಾಶವಿರಲಿಲ್ಲ.

ಆಮೇಲೆ ಸಾಹೇಬರ ಅಪ್ಪಣೆಯಂತೆ ನಾನೇ ನಿಯಮ ಓದಿದೆ: "ಸೋರುವ ನಲ್ಲಿಯ ಮಾಲೀಕನು ಸೋರಿಕೆಯ ಚರ್ಚೆಯ ವೇಳೆ ಸ್ಥಳದಲ್ಲಿ ಹಾಜರಿರತಕ್ಕದ್ದಲ್ಲ. ಹಾಜರಿದ್ದಲ್ಲಿ ನಲ್ಲಿಯ ಪರವಾಗಿ ಪ್ರಭಾವ ಬೀರುವ ಸಂಭವವಿರುತ್ತದೆ."

ಮೀಟರಣ್ಣ ನನ್ನ ಮುಖ ನೋಡಿದ. "ಊಟದ ಹೊತ್ತಿಗೆ ಕರೀತೀಯಲ್ಲ?" ಎಂದು ಮೆಲ್ಲಗೆ ಕೇಳಿದ.

"ಊಟಾನೂ ಸಭೆಯ ಭಾಗವೇ ಕಣೋ" ಎಂದೆ.

ಅವನೂ ಅತ್ತಿಗೆಯೂ ಹೊರಗೆ ಮೆಟ್ಟಿಲ ಮೇಲೆ ಕೂತರು. ನಾವು ಒಳಗೆ ಉಂಡೆವು. ಊಟ ಚೆನ್ನಾಗಿತ್ತು. ನಲ್ಲಿ ಸೋರುತ್ತಿದೆ ಎಂಬುದು ನಾಲ್ಕು ಗಂಟೆಗೆ ಸರ್ವಾನುಮತದಿಂದ ಸಾಬೀತಾಯಿತು.

ಮಾರನೆಯ ದಿನ ಮೀಟರಣ್ಣ ಹೊಸ ವಾಷರು ಹಾಕಲು ಹೋದಾಗ ತಡೆಯಾಜ್ಞೆ ಬಂತು. ನಲ್ಲಿ ಈಗ ಸಾಕ್ಷ್ಯ. ವರದಿ ಸಲ್ಲಿಕೆಯಾಗುವವರೆಗೆ ಅದನ್ನು ಯಾರೂ ಮುಟ್ಟುವಂತಿಲ್ಲ. ವರದಿ ಸಲ್ಲಿಸಿದರೆ ಉಪಸಮಿತಿ ಮುಗಿಯುತ್ತದೆ, ಉಪಸಮಿತಿ ಮುಗಿದರೆ ಊಟ ನಿಲ್ಲುತ್ತದೆ. ಹೀಗಾಗಿ ವರದಿಯನ್ನು ಆತುರಪಟ್ಟು ಬರೆಯಬಾರದೆಂದು ಎಲ್ಲ ಸದಸ್ಯರೂ ಒಪ್ಪಿದರು. ನಾವು ಗೆಳೆಯರೂ ಒಪ್ಪಿದೆವು. ತಿಂಗಳಿಗೊಂದಿದ್ದ ಸಭೆ ವಾರಕ್ಕೊಂದಾಯಿತು. ಬೇರೆ ಶಾಖೆಗಳಲ್ಲೂ ಸೋರಿಕೆಯ ಬಗ್ಗೆ ದಿಢೀರ್ ಕಳಕಳಿ ಹುಟ್ಟಿ ಸದಸ್ಯರು ಇಪ್ಪತ್ತೆರಡು ಮಂದಿಯಾದರು. ಜಾಗ ಸಾಲದೆ ಮೀಟರಣ್ಣನ ಮಂಚವನ್ನು ನೆರೆಮನೆಗೆ ಸಾಗಿಸಲಾಯಿತು. ಬಾಗಿಲಿಗೆ ಉಪಸಮಿತಿಯ ಬೋರ್ಡು ಬಂತು, ಬೀಗಪ್ಪ ತನ್ನದೊಂದು ಬೀಗ ಹಾಕಿದ. ಸೋರಿದ ನೀರಿಗೂ ಮೀಟರು ಓಡುತ್ತಲೇ ಇತ್ತು, ಬಿಲ್ಲು ಮೀಟರಣ್ಣನಿಗೇ ಹೋಗುತ್ತಿತ್ತು. ಮೀಟರು ಮಾತ್ರ ಸರಿಯಾಗಿದೆ ಎಂದು ಉಪಸಮಿತಿ ಅವನ ಕೆಲಸವನ್ನು ಹೊಗಳಿತು.

ಅತ್ತಿಗೆ ಇರಲು ಮೀಟರಣ್ಣನ ತಂಗಿಯ ಮನೆಗೆ ಹೋದರು. ಹೋಗುವಾಗ ದಾರಿಯಲ್ಲಿ ನಾನು ಸಿಕ್ಕಿದೆ. ಬಯ್ಯುತ್ತಾರೆ ಎಂದುಕೊಂಡಿದ್ದೆ.

"ಊಟ ಸರಿಯಾಗಿ ಹಾಕ್ತಾರಾ ನಿಮಗೆ?" ಎಂದು ಕೇಳಿದರು, ಅಷ್ಟೇ.

ಅದೇ ವಾರ ಮೀಟರಣ್ಣ ಅರ್ಜಿ ಕೊಟ್ಟ. ಯಾವ ವಿಷಯಸೂಚಿಯೂ ಇಲ್ಲದೆ, ಕಚೇರಿಯ ಒಂದು ಬಿಸ್ಕತ್ತೂ ಇಲ್ಲದೆ, ತನ್ನ ಮೂವರು ಗೆಳೆಯರನ್ನು ಒಂದು ಹೊತ್ತು ತನ್ನ ಮನೆಗೆ ಕರೆಯಲು ಅನುಮತಿ ಕೋರಿದ್ದ. ಅರ್ಜಿ ಹನ್ನೆರಡನೆಯ ಸಭೆಯ ಮುಂದೆ ಬಂತು. ಮೂವರು ಗೆಳೆಯರು ನಾವೇ ಆದ್ದರಿಂದ ನಮ್ಮ ಅಭಿಪ್ರಾಯ ಕೇಳಲಾಯಿತು. ಆಗ ತಾನೇ ಎಲ್ಲರ ತಟ್ಟೆಗೂ ಬಡಿಸಿಯಾಗಿತ್ತು. ಬೀಗಪ್ಪ ತಟ್ಟೆ ನೋಡಿದ, ಅಕ್ಕ ನನ್ನನ್ನು ನೋಡಿದರು, ನಾನು ಪೆನ್ನು ನೋಡಿದೆ. ಉದ್ದೇಶವಿಲ್ಲದೆ ಜನ ಸೇರುವುದು ಕೆಟ್ಟ ಮೇಲ್ಪಂಕ್ತಿಯಾಗುತ್ತದೆ ಎಂದು ಬರೆದುಕೊಂಡೆ. ಯಾರೂ ಆಕ್ಷೇಪಿಸಲಿಲ್ಲ.

ಆದರೂ ಉಪಸಮಿತಿಗೆ ಕರುಣೆಯಿಲ್ಲದೇ ಇಲ್ಲ. ಅರ್ಜಿದಾರನ ದೀರ್ಘ ಸೇವೆಯನ್ನು ಪರಿಗಣಿಸಿ, ಮುಂದಿನ ಸಭೆಗೆ ಅವನನ್ನು ಹತ್ತು ನಿಮಿಷಗಳ ಮಟ್ಟಿಗೆ ವಿಶೇಷ ಆಹ್ವಾನಿತನಾಗಿ ಕರೆಯುವುದೆಂದು ನಿರ್ಣಯವಾಯಿತು.

ಹದಿಮೂರನೆಯ ಸಭೆಗೆ ಅವನು ಕಾಲು ಗಂಟೆ ಮೊದಲೇ ಬಂದ. ಹೊಸದಾಗಿ ಕ್ಷೌರ ಮಾಡಿಸಿಕೊಂಡಿದ್ದ. ತನ್ನ ಮನೆಯ ಬಾಗಿಲು ತಟ್ಟಿ, ಒಳಗಿನಿಂದ ಉತ್ತರ ಬರುವವರೆಗೂ ಕಾದು, ಚಪ್ಪಲಿ ಹೊರಗೆ ಬಿಟ್ಟು ಬಂದ. ಎಲ್ಲಿ ಕೂರಬೇಕೆಂದು ತಿಳಿಯದೆ ಗೋಡೆಗೆ ಒರಗಿ ನಿಂತ. ನಾನೇ ಎದ್ದು ಅವನ ಕೈಗೆ ತಟ್ಟೆ ಕೊಟ್ಟೆ, ಇನ್ನೊಂಚೂರು ಹಾಕಿಸಿಕೋ ಎಂದು ಒತ್ತಾಯವನ್ನೂ ಮಾಡಿದೆ. ಬೇಡ ಸಾಕು ಎಂದ. ಸಾಹೇಬರಿಗೆ ಅವನು ಮುದುರಿ ನಿಂತದ್ದು ನೋಡಿ ಪಾಪ ಅನ್ನಿಸಿರಬೇಕು.

"ಸಂಕೋಚ ಮಾಡ್ಕೋಬೇಡಿ" ಎಂದರು. "ನಿಮ್ಮ ಮನೆ ಅಂತಲೇ ತಿಳ್ಕೊಳ್ಳಿ."

ದೊಡ್ಡ ಉಪಕಾರವಾಯಿತು ಸಾರ್ ಎಂದ ಮೀಟರಣ್ಣ. ಹತ್ತು ನಿಮಿಷ ಮುಗಿದದ್ದನ್ನು ನಾವು ಹೇಳಬೇಕಾಗಲಿಲ್ಲ. ತಾನೇ ಗಡಿಯಾರ ನೋಡಿ, ತಟ್ಟೆ ತೊಳೆದಿಟ್ಟು, ಎಲ್ಲರಿಗೂ ಕೈಮುಗಿದು, ಹೊರಗಿನಿಂದ ಬಾಗಿಲು ಎಳೆದುಕೊಂಡು ಹೋದ.