ನಳಿಗೆಯ ಮೇಲಿನ ಅರ್ಧ ಅಡಿಕೆ

ಒಂದೇ ಒಂದು ಗುಂಡನ್ನೂ ಹಾರಿಸದೆ ತಿಕೋಟಾದಿಂದ ಬಬಲೇಶ್ವರದವರೆಗೆ ಬೇಟೆಗಾರ್ತಿ ಎಂದು ಹೆಸರಾದವಳು ನಮ್ಮ ದೊಡ್ಡವ್ವ. ನಂಬುವುದಿಲ್ಲವೇ? ಅವಳ ಕೈಗೆ ಸಿಗುವ ತನಕ ನಾನೂ ನಂಬಿರಲಿಲ್ಲ!

ಯುದ್ಧ ನಡೆದಿದ್ದ ಕಾಲ. ನಾನಾಗ ವಿಜಾಪುರದ ಸೊಲ್ಲಾಪುರ ರಸ್ತೆಯ ದರ್ಜಿಯೊಬ್ಬರ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ವಿಷಮಜ್ವರ ಬಂದು, ಪ್ರಾಣವೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಕೊಂಡೊಯ್ದಿತು. ಎದ್ದು ಕೂತಾಗ ಕೈ ನಡುಗುತ್ತಿತ್ತು. ಸೂಜಿಗೆ ದಾರ ಪೋಣಿಸಲು ಹೋದರೆ ಸೂಜಿ ಪೂರ್ವಕ್ಕೆ, ದಾರ ಪಶ್ಚಿಮಕ್ಕೆ. "ಕೈ ನೆಟ್ಟಗಾದ ಮ್ಯಾಲ ಬಾರಪಾ," ಎಂದು ಮಾಲೀಕರು ಕಳಿಸಿಬಿಟ್ಟರು. ಆಗದಿದ್ದರೆ? ನನಗೆ ಬೇರೆ ಕಸುಬು ಗೊತ್ತಿರಲಿಲ್ಲ. ಹವಾ ಬದಲಾಗಲಿ ಎಂದು ಅವ್ವ ನನ್ನನ್ನು ತಿಕೋಟಾಕ್ಕೆ, ತನ್ನ ಅಕ್ಕನ ಮನೆಗೆ ಅಟ್ಟಿದಳು.

ದೊಡ್ಡವ್ವ ನನ್ನ ಕೈಯನ್ನೊಮ್ಮೆ ನೋಡಿದಳು. ತೀರಿಹೋದ ದೊಡ್ಡಪ್ಪನ ಬಂದೂಕನ್ನು ಗೋಡೆಯಿಂದ ಇಳಿಸಿದಳು. ನಳಿಗೆಯ ಬಾಯಿಂದ ಮದ್ದು ಸುರಿದು, ಗಜದ ಕೋಲಿನಿಂದ ಜಡಿದು ಹೊಡೆಯುವ ಹಳೇ ಕಾಲದ್ದು; ನನಗಿಂತ ಎರಡು ಗೇಣಷ್ಟೇ ಗಿಡ್ಡ.

"ಶೇಂಗಾ ಹೊಲಕ್ಕ ಹಂದಿ ಬೀಳಾಕತ್ಯಾವ. ನೀನ ಹೊಡೀಬೇಕು."

"ದೊಡ್ಡವ್ವಾ, ನನ್ನ ಕೈಯಾಗ ಚಾದ ಕಪ್ಪು ಸೈತ ನಿಲ್ಲೂದಿಲ್ಲ ಬೇ."

"ಬಂದೂಕು ಕಪ್ಪಿಗಿಂತ ವಜ್ಜಿ ಐತಿ. ನಿಲ್ತೈತಿ."

ಬಂದೂಕನ್ನು ಎತ್ತಿ ಹೆಗಲಿಗೆ ಆನಿಸಿಕೊಂಡೆ.

ಹಿತ್ತಲ ಗೋಡೆಯ ಮೇಲೆ ಒಂದು ಸಗಣಿ ಕುಳ್ಳು ಇಟ್ಟಳು. ಅದೇ ಹಂದಿ. ನಳಿಗೆಯ ಹಿಂದೆ ಒಂದು ಕಚ್ಚು, ತುದಿಯಲ್ಲೊಂದು ಮಣಿ. ಕಚ್ಚಿನ ನಡುವೆ ಮಣಿ, ಮಣಿಯ ಮೇಲೆ ಹಂದಿ ಕೂರಬೇಕು. ನಾನು ಮೂರನ್ನೂ ಒಟ್ಟಿಗೆ ನೋಡಲು ಹೋಗಿ ಒಂದನ್ನೂ ಕಾಣದೆ ಕಣ್ಣಲ್ಲಿ ನೀರು ತಂದುಕೊಂಡೆ.

"ಮೂರೂ ಒಮ್ಮೆ ಕಾಣೂದಿಲ್ಲೋ ತಮ್ಮಾ. ಮಣಿ ಒಂದ ನೋಡು. ಹಂದಿ ಮಬ್ಬ ಕಂಡ್ರ ಕಾಣ್ಲಿ, ಅದೇನು ನಿನ್ನ ಬೀಗರಲ್ಲ."

"ನಿನಗ ಯಾರು ಕಲಿಸಿದ್ರು?"

"ನಿಮ್ಮ ದೊಡ್ಡಪ್ಪ. ಅಂವ ಹೆಂಗ ಹೊಡೀತಿದ್ದ, ಅದರ ಉಲ್ಟಾ ಮಾಡೂದು."

ಮದ್ದೆಲ್ಲ ಯುದ್ಧಕ್ಕೆ ಹೋಗಿದೆ ಎಂದು ಅವಳು ಸಾರಿಬಿಟ್ಟದ್ದರಿಂದ ಬಂದೂಕು ಖಾಲಿ. ಪರೀಕ್ಷೆಗೆ ಅಡಿಕೆ. ಎಲೆ-ಅಡಿಕೆಯ ಚಂಚಿಯಿಂದ ಅರ್ಧ ಅಡಿಕೆ ತೆಗೆದು ನಳಿಗೆಯ ಮೇಲೆ ಬೋರಲು ಇಡುವಳು. ನಾನು ಅರ್ಧ ಉಸಿರು ಬಿಟ್ಟು, ತಡೆದು, ಬೆರಳಿಂದ ಬಂದೂಕಿನ ಕುದುರೆ ಎಳೆಯಬೇಕು. ಅಡಿಕೆ ನಿಂತರೆ ಹಂದಿ ಸತ್ತಿತು, ಬಿದ್ದರೆ ಬದುಕಿತು. ಬಿದ್ದ ಅಡಿಕೆ ಅವಳ ಬಾಯಿಗೆ. ಮೊದಲ ಹದಿನೈದು ದಿನ ದೊಡ್ಡವ್ವನ ತುಟಿಯ ಕೆಂಪು ಆರಲೇ ಇಲ್ಲ!

ಒಮ್ಮೆ ಬಬಲೇಶ್ವರದ ದೂರದ ನೆಂಟರೊಬ್ಬರು ಹಿತ್ತಲ ಬಾಗಿಲಿಂದ ಬಂದವರು, ಎದುರಿಗೆ ನಳಿಗೆ ಕಂಡು ಎರಡೂ ಕೈ ಮೇಲೆತ್ತಿದರು.

"ಅಲ್ಲೇ ನಿಂದರ್ರಿ, ಉಸರ ಬಿಡಬ್ಯಾಡ್ರಿ," ಎಂದಳು ದೊಡ್ಡವ್ವ, "ಹುಡುಗನ ಅಡಿಕಿ ಬೀಳ್ತೈತಿ."

ಅಡಿಕೆ ಬೀಳಲಿಲ್ಲ, ನೆಂಟರೇ ಕುಸಿದು ಕೂತರು. ಅವಳ ಕೀರ್ತಿ ಬಬಲೇಶ್ವರ ಮುಟ್ಟಿದ್ದು ಅವರಿಂದಲೇ.

ಬರಬರುತ್ತ ಅಡಿಕೆ ನಿಲ್ಲತೊಡಗಿತು. ಒಂದು ಮುಂಜಾನೆ ಸಾಲಾಗಿ ಹತ್ತು ಸಲ ನಿಂತಿತು. ಇವತ್ತು ನಿಜವಾದ ಗುಂಡೇ ಆಗಲಿ ಎಂದು ತಳದಲ್ಲಿ ಚೂರು ಮದ್ದಾದರೂ ಉಳಿದಿದ್ದೀತೆಂದು ನಾನೇ ಗೂಟದ ಮೇಲಿನ ಮದ್ದು ತುಂಬಿಡುವ ಕೊಂಬನ್ನು ಇಳಿಸಿ, ಅಂಗೈಗೆ ಬಗ್ಗಿಸಿದೆ. ಜೀರಿಗೆ ಸುರಿಯಿತು.

"ದೊಡ್ಡವ್ವಾ, ಇದೇನಿದು?"

"ಅದರಾಗ ಇಟ್ರ ಇರುವಿ ಹತ್ತೂದಿಲ್ಲ."

"ಮತ್ತ ಹಂದಿ ಹೆಂಗ ಹೊಡೀಲಿ?"

"ಈ ವರ್ಷ ನಾವು ಶೇಂಗಾ ಎಲ್ಲಿ ಬಿತ್ತೇವಿ?"

ಪೇಟೆಯ ದರ್ಜಿ ನಾನು, ಹೊಲದ ಕಡೆ ಹಾಯ್ದಿರಲೇ ಇಲ್ಲ. ಅವಳು ಚಂಚಿಗೆ ಕೈ ಹಾಕಿದಳು. ಈ ಸಲ ಅಡಿಕೆ ಬರಲಿಲ್ಲ. ಒಂದು ಸೂಜಿ, ಒಂದೆಳೆ ದಾರ ಬಂದವು.

"ಈಗ ಹೊಡಿ," ಎಂದಳು.

ಅರ್ಧ ಉಸಿರು ಬಿಟ್ಟೆ, ತಡೆದೆ. ದಾರ ಮೊದಲ ಸಲಕ್ಕೇ ಸೂಜಿ ದಾಟಿತು.

ದೊಡ್ಡವ್ವ ಒಳಗೆ ಹೋಗಿ ಕುಪ್ಪಸದ ಖಣವೊಂದನ್ನು ತಂದು ನನ್ನ ಮುಂದಿಟ್ಟಳು.

"ನೀ ಬಂದ ದಿನಾನ ತಂದಿಟ್ಟೀನಿ. ನನಗೊಂದು ಕುಪ್ಪಸ ಹೊಲಿ."

ನಾನು ಬಂದ ದಿನ! ಚಹಾದ ಕಪ್ಪು ಹಿಡಿಯಲಾರದ ಈ ಕೈಯನ್ನು ನೋಡಿದ ದಿನವೇ! ಆ ಮುದುಕಿಯ ಕಾಲಿಗೆ ಬೀಳಬೇಕೆನಿಸಿತು. ಬಿದ್ದರೆ ಬೈಯುತ್ತಾಳೆಂದು ಹೊಲಿಯಲು ಕೂತೆ. ಕೈ ನಡುಗಲಿಲ್ಲ. ಕಣ್ಣು ತುಂಬಿ ಖಣವೆಲ್ಲ ಮಬ್ಬಾಗಿ ಕಂಡಿತು. ಕಾಣಲಿ ಎಂದು ಬಿಟ್ಟು, ಸೂಜಿಯ ಮೊನೆಯೊಂದನ್ನೇ ನೋಡುತ್ತ ಹೊಲಿದೆ.